ಅಬ್ಬಲಿಗೆಯ ಅಚ್ಚು

ದ್ಯಾವಮ್ಮ ಟ್ರಂಕಿನ ಮೇಲೆ ಕೂತೇಬಿಟ್ಟಳು. ಹಿಡಿಕೆಗೆ ಕೈಹಾಕಿ ಎತ್ತಲು ಬಂದಿದ್ದ ಇಬ್ಬರು ಗಂಡಸರು ಅವಳ ಭಾರಕ್ಕಲ್ಲ, ಮುಖಕ್ಕೆ ಹೆದರಿ ಹಿಂದೆ ಸರಿದರು.

"ಏಳೇ ದ್ಯಾವಮ್ಮ," ಎಂದರು ಮಂಜಪ್ಪ ಹೆಗಡೆ. ತೀರಿಕೊಂಡ ಪರಿಮಳಾಳ ಗಂಡನ ಅಣ್ಣ. ಸುದ್ದಿ ಕೇಳಿ ಹುಲೇಕಲ್ಲಿನಿಂದ ಮೊದಲ ಬಸ್ಸಿಗೇ ಬಂದವರು. "ಹೆಣ ಮುಂದಿಟ್ಕಂಡು ಎಂತ ಹಟ ಇದು?"

"ಹಟ ಅಲ್ಲ. ಕೂತ್ಕಂಡಿದ್ದೆ."

"ಕೂರೂಕೆ ಬೇರೆ ಜಾಗ ಇಲ್ವ?"

"ಹನ್ನೆರಡು ವರ್ಷದಿಂದ ಈ ಮನೇಲಿ ನಾ ಕೂತಿದ್ದು ಇದ್ರ ಮೇಲೇ. ಇವತ್ತೆಂತಕ್ಕೆ ಹೊಸ ಜಾಗ ಹುಡುಕ್ಲಿ?"

ಶಿರಸಿಯ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಎರಡು ಕೋಣೆಯ ಬಾಡಿಗೆ ಮನೆ ಅದು. ಹೊರಕೋಣೆಯ ಚಾಪೆಯ ಮೇಲೆ ನಲವತ್ತಮೂರು ವರ್ಷದ ಪರಿಮಳಾ ಮಲಗಿದ್ದಳು. ನಾಲ್ಕು ದಿನದ ಜ್ವರ ಬೆಳಗಿನ ಜಾವ ಅವಳನ್ನು ಎತ್ತಿಕೊಂಡು ಹೋಗಿತ್ತು. ಸಂಕ್ರಾಂತಿಗೆ ಉಳಿದದ್ದು ಮೂರೇ ದಿನ. ಟ್ರಂಕಿನೊಳಗೆ ಇದ್ದದ್ದು ಸಂಕ್ರಾಂತಿಯ ಶುಭಾಶಯದ ಕಾರ್ಡುಗಳು, ಒಟ್ಟು ಇನ್ನೂರ ಎಂಬತ್ತು. ಒಂದೊಂದರ ಮೇಲೂ ಕೈಯಲ್ಲಿ ಅಚ್ಚೊತ್ತಿ, ನೀರುಬಣ್ಣ ಹಾಕಿದ ಹೂವು.

ಟ್ರಂಕಿನ ಮಾತು ಎದ್ದದ್ದು ಹೀಗೆ. ಮಗಳು ಮಧುರಾ, ಸುದ್ದಿ ಕೇಳಿ ಯಲ್ಲಾಪುರದ ಗಂಡನ ಮನೆಯಿಂದ ಓಡಿ ಬಂದವಳು, ತಾಯಿಯ ತಲೆಗೆ ಒಂದು ದಂಡೆ ಅಬ್ಬಲಿಗೆ ಹೂವು ಮುಡಿಸಬೇಕು ಎಂದಳು. ಹೆಣದ ತಲೆಯ ಬಳಿ ಕೂತಿದ್ದ ಹಿರಿಯ ಸೋದರತ್ತೆ ಬಾಯಿಗೆ ಸೆರಗು ಹಿಡಿದಳು.

"ಗಂಡ ಸತ್ತವಕ್ಕೆ ಹೂಗು ಹಾಕ್ತ್ವಿಲ್ಲೆ ಕೂಸೆ. ಅಷ್ಟೂ ಗೊತ್ತಿಲ್ಯ ನಿಂಗೆ?"

ಮಧುರಾ ಅಳತೊಡಗಿದಳು. ಹೆಗಡೆಯವರು ಕೆಟ್ಟ ಮನುಷ್ಯರಲ್ಲ. ಅಳುವ ಹುಡುಗಿಗೆ ಒಂದು ನಡುದಾರಿ ಹುಡುಕಿದರು.

"ಅಳಡ ಕೂಸೆ. ನಿನ್ನ ಆಯಿ ಮಾಡಿಟ್ಟ ಕಾರ್ಡು ಪೆಟ್ಟಿಗೆ ತುಂಬ ಇದ್ದಲೆ, ಅದ್ನೇ ಮೈಮೇಲೆ ಹಾಸನ. ಕಾಗದದ ಹೂಗು ಹೂಗಲ್ಲ, ಅದಕ್ಕೆ ದೋಷ ಇಲ್ಲೆ. ಹೆಂಗಿದ್ರೂ ಸೂತಕದ ಮನೆ ಕಾರ್ಡು ಹಬ್ಬಕ್ಕೆ ಯಾರು ತಗತ್ತ? ಅವಳ ಸಂಗ್ತಿಗೇ ಹೋಗ್ಲಿ."

"ಅದು ಚೊಲೋ ಆತು," ಎಂದರು ನಾಲ್ಕಾರು ಜನ. ಮಧುರಾ ಕೂಡ ಕಣ್ಣೊರೆಸಿಕೊಂಡು ತಲೆಯಾಡಿಸಿದಳು. ಅಲ್ಲಿಯವರೆಗೆ ಹೊಸ್ತಿಲಾಚೆ ನಿಂತಿದ್ದ ದ್ಯಾವಮ್ಮ, ಯಾರೂ ಕರೆಯದೆ, ಯಾರನ್ನೂ ಕೇಳದೆ ಒಳಗೆ ಬಂದು ಟ್ರಂಕಿನ ಮೇಲೆ ಕೂತದ್ದು ಆಗಲೇ.

ಹನ್ನೆರಡು ವರ್ಷ ಪರಿಮಳಾಳೂ ಅವಳೂ ಸೇರಿ ಮಾಡಿದ ಸಾವಿರಾರು ಕಾರ್ಡುಗಳಲ್ಲಿ ಯಾವುದರ ಮೇಲೂ ಮಾಡಿದವರ ಹೆಸರಿರಲಿಲ್ಲ. ಹೆಸರಿದ್ದದ್ದು ಈ ಟ್ರಂಕಿನಲ್ಲಿದ್ದ ಇನ್ನೂರ ಎಂಬತ್ತಕ್ಕೆ ಮಾತ್ರ. ಇವು ಸುಟ್ಟು ಹೋದರೆ, ಪರಿಮಳಾ ಎನ್ನುವವಳೊಬ್ಬಳು ಹೂವು ಮಾಡಿದ್ದಳು ಎನ್ನಲು ಭೂಮಿಯ ಮೇಲೆ ಒಂದು ಚೂರು ಕಾಗದವೂ ಉಳಿಯುತ್ತಿರಲಿಲ್ಲ.

*

ತೊಂಬತ್ತೊಂದನೆಯ ಇಸವಿ. ಸಿದ್ದಾಪುರದ ಕಡೆಯಿಂದ ಬೆಳಗಿನ ಬಸ್ಸಿಗೆ ಹೂವಿನ ಬುಟ್ಟಿ ತಂದು ದ್ಯಾವಮ್ಮ ಶಿರಸಿಯ ಓಣಿಗಳಲ್ಲಿ ಮಾರುತ್ತಿದ್ದಳು. ಮನೆಯಲ್ಲಿ ಅವಳ ಮಗಳು ಮಮತಾಗೆ ಆಗ ಮೂರು ವರ್ಷ. ಮಾರಿ ಮುಗಿಸಿ ಮನೆ ಸೇರುವಷ್ಟರಲ್ಲಿ ಮಗು ನಿದ್ದೆ ಹೋಗಿರುತ್ತಿತ್ತು.

ಈ ಓಣಿಗೆ ಹೊಸದಾಗಿ ಬಂದ ಬರಿಹಣೆಯ ಹೆಂಗಸೊಬ್ಬಳು ದೇವರಿಗೆಂದು ಎರಡು ದಾಸವಾಳ ತೆಗೆದುಕೊಳ್ಳುತ್ತಿದ್ದಳು, ಅಷ್ಟೇ. ಮೇಷ್ಟರಾಗಿದ್ದ ಗಂಡ ಸತ್ತ ಮೇಲೆ, ಮಗಳ ಶಾಲೆಯ ನೆಪ ಹೇಳಿ ಹುಲೇಕಲ್ಲಿನ ದೊಡ್ಡ ಮನೆ ಬಿಟ್ಟು ಬಂದವಳು ಎಂದು ಪಕ್ಕದ ಮನೆಯವರು ಹೇಳಿದ್ದರು. ಒಂದು ದಿನ ಅವಳು, "ಬಾಡಿದ ಅಬ್ಬಲಿಗೆ ಇದ್ಯ?" ಎಂದಳು.

"ದೇವ್ರಿಗೆ ಬಾಡಿದ್ದು ಕೊಡ್ತ್ರ?"

"ದೇವರಿಗಲ್ಲ. ನೋಡೂಕೆ."

ನೋಡೂಕೆ ಎಂತದು ಎಂದು ದ್ಯಾವಮ್ಮ ಕಿಟಕಿಯಲ್ಲಿ ಇಣುಕಿದಳು. ನೆಲದ ಮೇಲೆ ಡ್ರಾಯಿಂಗ್ ಹಾಳೆ, ಬಣ್ಣದ ಬಟ್ಟಲು, ಬ್ರಶ್ಶು. ಹಾಳೆಯ ಮೇಲೆ ಕೇಸರಿ ಬಣ್ಣದ ಹೂವು.

"ಅದೆಂತ ಹೂವು ಅಮ್ಮ?"

"ಅಬ್ಬಲಿಗೆ."

ದ್ಯಾವಮ್ಮ ಬುಟ್ಟಿ ಇಳಿಸಿ ನಗಲು ಹತ್ತಿದಳು. "ಐದು ದಿಕ್ಕಿಗೆ ಐದು ಎಸಳಾ? ಅಬ್ಬಲಿಗೆ ಎಸಳು ಒಂದೇ ಬದಿಗೆ ಇರ್ತದೆ, ಬೀಸಣಿಗೆ ಹಾಂಗೆ. ಇನ್ನೊಂದು ಬದಿ ಖಾಲಿ. ನೀವು ಮುಡೀದೇ ಮರ್ತೇ ಹೋಗಿದೆ ನಿಮ್ಗೆ!"

ಅಂದ ಮೇಲೆ ನಾಲಿಗೆ ಕಚ್ಚಿಕೊಂಡಳು. ಪರಿಮಳಾ ಮಾತ್ರ ಅವಳನ್ನೇ ನೋಡುತ್ತ, "ಹೌದು, ಮರ್ತೇ ಹೋಗಿದೆ," ಎಂದು ಬಾಗಿಲು ತೆರೆದಳು. "ಒಳಗೆ ಬಾ. ತೋರಿಸು."

ಬ್ರಶ್ಶು ಹಿಡಿಯಲು ದ್ಯಾವಮ್ಮನಿಗೆ ಬರುತ್ತಿರಲಿಲ್ಲ. ಕತ್ತಿ ಹಿಡಿಯಲು ಬರುತ್ತಿತ್ತು. ಕಾಲಲ್ಲಿದ್ದ ಸವೆದ ಹವಾಯಿ ಚಪ್ಪಲಿಯ ಹಿಮ್ಮಡಿಯಿಂದ ರಬ್ಬರಿನ ಒಂದು ತುಂಡು ಕುಯ್ದು, ಎಸಳು ಕೆತ್ತಿ, ಬಣ್ಣಕ್ಕೆ ಅದ್ದಿ ಹಾಳೆಯ ಮೇಲೆ ಒತ್ತಿದಳು. ಅಬ್ಬಲಿಗೆ ಅರಳಿತು.

"ಚಪ್ಪಲೀಲಿ ಹೂವಾ!" ಎಂದಳು ಪರಿಮಳಾ.

"ಚಪ್ಪಲೀದು ಅಂತ ಹಾಳೆ ಮೇಲೆ ಬರೀತ್ರಾ?"

ಗಂಡ ಸತ್ತು ಎಂಟು ತಿಂಗಳಿಗೆ ಪರಿಮಳಾ ಮೊದಲ ಸಲ ಜೋರಾಗಿ ನಕ್ಕದ್ದು ಅಂದು. ಪಕ್ಕದ ಮನೆಯವರು ಏನಾಯಿತೋ ಎಂದು ಹೊರಗೆ ಬಂದು ನೋಡಿದರು.

ಅಂದಿನಿಂದ ಎಸಳು ದ್ಯಾವಮ್ಮನದು, ಬಣ್ಣ ಪರಿಮಳಾಳದು. ಬೆಂಡೆಕಾಯಿ ಅಡ್ಡ ಕೊಯ್ದರೆ ಒಂದು ಹೂವು, ಬಾಳೆದಿಂಡಿಗೆ ಇನ್ನೊಂದು. ಹಸಿಬಣ್ಣದ ಮೇಲೆ ನಾಲ್ಕು ಹರಳು ಕಲ್ಲುಪ್ಪು ಉದುರಿಸಿ ಒಣಗಿಸಿದರೆ ಇಬ್ಬನಿ ಬಿದ್ದ ಹಾಗೆ ಚುಕ್ಕೆಗಳು. ಸಂಕ್ರಾಂತಿಗೆ ಜನ ಕಾರ್ಡಿನೊಳಗೆ ಚಿಟಿಕೆ ಕುಸುರೆಳ್ಳು ಹಾಕಿ ನೆಂಟರಿಗೆ ಅಂಚೆಗೆ ಹಾಕುತ್ತಿದ್ದರು. ಅರಿಶಿನ-ಕುಂಕುಮಕ್ಕೆ ಯಾರೂ ಕರೆಯದ ಪರಿಮಳಾಳ ಹೂವು ಹಾಗೆ ಮೂರು ತಾಲೂಕಿನ ಮುತ್ತೈದೆಯರ ಮನೆಯೊಳಗೆ ಹೋಗಿ ದೇವರ ಪಟದ ಪಕ್ಕ ಕೂರುತ್ತಿತ್ತು.

*

"ಹೊತ್ತಾತು," ಎಂದರು ಹೆಗಡೆಯವರು. ಹೊರಗೆ ಚಟ್ಟ ಕಟ್ಟಿಯಾಗಿತ್ತು. ಮೈ ತೊಳೆಸಿ, ಹೊಸ ಬಿಳಿ ಬಟ್ಟೆ ಹೊದೆಸಿ, ಅದರ ಮೇಲೂ ನೀರು ಚಿಮುಕಿಸಿ ಆಗಿತ್ತು. "ಕೂಸೆ, ನೀನಾದ್ರೂ ಹೇಳು ದ್ಯಾವಮ್ಮಂಗೆ. ಪೆಟ್ಟಿಗೆ ನಿನ್ನ ಆಯಿ ಸ್ವತ್ತು."

ಮಧುರಾ ಟ್ರಂಕಿನ ಮುಂದೆ ಮಂಡಿಯೂರಿದಳು. "ದ್ಯಾವಮ್ಮ, ಆಯಿ ಬರೀ ಬಿಳಿ ಬಟ್ಟೆಲಿ ಹೋಗೂದು ನಂಗೆ ನೋಡೂಕಾಗೂದಿಲ್ಲ. ಹೂವು ಬೇಡ ಅಂದ್ರು. ಇದಾದ್ರೂ ಇರ್ಲಿ."

ದ್ಯಾವಮ್ಮ ಎದ್ದು ಮುಚ್ಚಳ ತೆರೆದಳು. ಮೇಲಿನ ಒಂದು ಕಾರ್ಡು ತೆಗೆದು ಹೂವನ್ನು ತೋರಿಸದೆ, ಬೆನ್ನು ತಿರುಗಿಸಿ ಹಿಡಿದಳು.

"ಓದು."

"ಪರಿಮಳಾ, ದ್ಯಾವಮ್ಮ. ಶಿರಸಿ."

"ಜೋರಾಗಿ ಓದು ತಂಗಿ. ನಿನ್ನ ದೊಡ್ಡಪ್ಪಂಗೆ ಕೇಳ್ಲಿ."

*

ಹೆಸರಿನ ಜಗಳ ಕಳೆದ ದೀಪಾವಳಿಯದು. ಕಾರ್ಡು ಮಾರುತ್ತಿದ್ದ ಅಂಗಡಿಯ ಚಂದ್ರಶೇಖರಪ್ಪ ಹಾವೇರಿ ಕಡೆಯವನು. ಮಾತು ಒರಟು, ಮನುಷ್ಯ ಮೆತ್ತಗೆ.

"ನೋಡ್ರಿ ಅಕ್ಕಾರ, ತಪ್ಪ ತಿಳೀಬ್ಯಾಡ್ರಿ. ಸಂಕ್ರಾಂತಿ ಕಾರ್ಡ ಅಂದ್ರ ಮುತ್ತೈದೇರು ಒಯ್ಯೂದು. ಹಿಂದ ನಿಮ್ಮ ಹೆಸರ ಕಂಡ್ರ, ಯಾರಿವರು ಅಂತ ಕೇಳ್ತಾರ. ನಾ ಏನ ಹೇಳ್ಲಿ?"

"ಗಂಡ ಸತ್ತವಳು ಅಂತ ಹೇಳಿ," ಎಂದಳು ಪರಿಮಳಾ. "ಸುಳ್ಳಲ್ಲ."

"ವ್ಯಾಪಾರ ಹೋಕ್ಕೈತ್ರಿ!"

"ಹೋಗಲಿ. ಹನ್ನೆರಡು ವರ್ಷ ಹೆಸರಿಲ್ಲದೆ ಮಾಡಿದೆ. ಇನ್ನು ಹೆಸರಿಲ್ಲದ ಕಾರ್ಡು ನನ್ನ ಕೈಯಿಂದ ಬರೂದಿಲ್ಲ. ನೀವು ಬ್ಯಾಡ ಅಂದ್ರೆ ಬಸ್‌ಸ್ಟ್ಯಾಂಡಲ್ಲಿ ಬುಟ್ಟಿ ಇಟ್ಕಂಡು ಕೂರ್ತೆ. ದ್ಯಾವಮ್ಮಂಗೆ ರೂಢಿ ಇದೆ, ನಂಗೆ ಕಲಿಸ್ತಾಳೆ."

ಚಂದ್ರಶೇಖರಪ್ಪ ತಲೆ ಕೆರೆದುಕೊಂಡು, ಒಂದು ವರ್ಷ ನೋಡೂಣು ಎಂದ.

ಹೆಸರು ಕೆತ್ತುವ ಕೆಲಸ ದ್ಯಾವಮ್ಮನ ಪಾಲಿಗೆ ಬಂತು. ಓದಲು ಅಷ್ಟಕ್ಕಷ್ಟೇ ಬರುತ್ತಿದ್ದವಳು ಪರಿಮಳಾ ಬರೆದುಕೊಟ್ಟ ಅಕ್ಷರವನ್ನು ಕಂಡ ಹಾಗೇ ರಬ್ಬರಿಗೆ ಇಳಿಸಿದಳು. ಒತ್ತಿದರೆ ಎಲ್ಲ ತಿರುಗಮುರುಗ. ಎರಡು ಚಪ್ಪಲಿ ಹಾಳಾದವು. ಮೂರನೆಯದಕ್ಕೆ ಕನ್ನಡಿ ಮುಂದಿಟ್ಟುಕೊಂಡು ಕೆತ್ತಿದಳು.

"ನಿಮ್ಮ ಹೆಸ್ರೊಂದೇ ಸಾಕಿತ್ತು ಪರಿಮಳಕ್ಕ. ಹೆಗಡೇರ ಮನೆಯವ್ರ ಪಕ್ಕ ನಮ್ಮ ಹೆಸರು, ಯಾರಾದ್ರೂ ಏನಾದ್ರೂ ಅಂದಾರು."

"ಅನ್ನಲಿ. ಎಸಳು ಯಾರದು?"

*

ಹೊರಕೋಣೆಯಲ್ಲಿ ಮಧುರಾ ಹೆಸರನ್ನು ಜೋರಾಗಿ ಓದಿದಳು. ಓದಿ, ಕಾರ್ಡನ್ನು ಟ್ರಂಕಿನೊಳಗಿಟ್ಟು ಮುಚ್ಚಳ ಹಾಕಿದಳು. ಆಮೇಲೆ ಯಾರ ಮುಖವನ್ನೂ ನೋಡದೆ ತಾನೇ ಅದರ ಮೇಲೆ ಕೂತಳು.

"ಇದೆಂತ ಆತು ಈಗ?" ಎಂದರು ಹೆಗಡೆಯವರು. "ಮೊದಲು ದ್ಯಾವಮ್ಮ, ಈಗ ನೀನು?"

"ಕಾರ್ಡು ಸುಡಲೆ ಕೊಡ್ತಿಲ್ಲೆ ದೊಡ್ಡಪ್ಪ."

"ಹಂಗಾದ್ರೆ ಆಯಿ ಬರೀ ಬಿಳಿ ಬಟ್ಟೆಲೇ ಹೋಗ್ಲಿ. ಆನು ಎಂತ ಮಾಡ್ಲಿ?"

ಉತ್ತರ ಬಂದದ್ದು ಒಳಕೋಣೆಯ ಬಾಗಿಲಿನಿಂದ. ಅಷ್ಟರಲ್ಲಿ ಒಳಗೆ ಹೋಗಿ ಬಂದಿದ್ದ ದ್ಯಾವಮ್ಮನ ಒಂದು ಕೈಯಲ್ಲಿ ಬಣ್ಣದ ಬಟ್ಟಲು, ಇನ್ನೊಂದರಲ್ಲಿ ಅಬ್ಬಲಿಗೆಯ ಅಚ್ಚು.

"ಕಾಗದದ ಹೂವು ಹೂವಲ್ಲ, ದೋಷ ಇಲ್ಲ ಅಂದ್ರಿ ಹೆಗಡೇರೇ. ಹಂಗಾದ್ರೆ ಬಣ್ಣದ ಹೂವಿಗೂ ದೋಷ ಇಲ್ಲ."

ಯಾರಿಗಾದರೂ ಅರ್ಥವಾಗುವ ಮೊದಲೇ ಅವಳು ಬಗ್ಗಿ, ಹೆಣಕ್ಕೆ ಹೊದೆಸಿದ್ದ ಬಿಳಿ ಬಟ್ಟೆಯ ಮೇಲೆ, ಎದೆಯ ನೇರಕ್ಕೆ, ಅಚ್ಚನ್ನು ಒತ್ತಿದಳು.

"ಶಿವ ಶಿವಾ!" ಸೋದರತ್ತೆ ಎದ್ದು ನಿಂತಳು. "ಗಂಡ ಸತ್ತವಕ್ಕೆ ಬಣ್ಣ! ಅದೂ ಇದ್ರ ಕೈಲಿ! ಮಂಜಪ್ಪ, ನೋಡ್ತಾ ನಿಂತಿದ್ಯಲ ಮಾರಾಯ!"

"ಮುಟ್ಟಡ!" ಹೆಗಡೆಯವರು ಮುಂದೆ ಬಂದರು.

ದ್ಯಾವಮ್ಮ ತಲೆ ಎತ್ತಲಿಲ್ಲ. ಎರಡನೆಯ ಹೂವು ಒತ್ತುತ್ತಲೇ ಕೇಳಿದಳು. "ಹೋದ ವರ್ಷ ನಿಮ್ಮ ಮಗಳ ಮದ್ವೆ ಕಾಗದದ ಮೇಲೆ ಸೀತಾಳೆ ಹೂವಿನ ದಂಡೆ ಇತ್ತಲ್ಲ. ಯಾರ ಕೈದು ಅಂದ್ಕಂಡ್ರಿ?"

"ಅಂಗಡಿಯಿಂದ ತಂದದ್ದು."

"ಅಂಗಡಿಗೆ ಕೊಟ್ಟದ್ದು ನಾವು. ಧಾರೆ ಹೊತ್ತಿಗೆ ಎದುರಿಗೆ ಬರೂದು ಬೇಡ ಅಂತ ಅಡಿಗೆ ಮನೆ ಬದಿ ಕೂರಿಸಿದ್ರಲ್ಲ, ಅವ್ರು ಮೂರು ವಾರ ಕೂತು ಮಾಡಿದ್ದು. ನಿಮ್ಗೆ ಹೇಳೂದು ಬೇಡ ಅಂದಿದ್ರು. ಮಗು ಮದ್ವೆ, ಸುಮ್ನೆ ಮನಸ್ಸಿಗೆ ಹಚ್ಕಳ್ತಾರೆ ಅಂದ್ರು. ಏನು ಕೇಡಾಯ್ತು ಮಗಳಿಗೆ? ಚೆನ್ನಾಗಿದ್ದಾಳಲ್ಲ?"

ಹೆಗಡೆಯವರ ಮಗಳು ತುಂಬಿದ ಬಸುರಿ, ಅದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಅವರು ಒಂದು ಹೆಜ್ಜೆ ಹಿಂದೆ ಸರಿದರು. ಆ ಕರೆಯೋಲೆಯಲ್ಲಿ ಒಂದನ್ನು ಅವರ ಹೆಂಡತಿ ಕನ್ನಡಿ ಹಾಕಿಸಿ ಪಡಸಾಲೆಯಲ್ಲಿ ತೂಗುಹಾಕಿದ್ದಳು.

ದ್ಯಾವಮ್ಮನಿಗೆ ಅವಸರವಿರಲಿಲ್ಲ. ಎದೆಯಿಂದ ಶುರುವಾದ ಅಬ್ಬಲಿಗೆ ಒಂದರ ಪಕ್ಕ ಒಂದು ಸರವಾಗಿ ಪಾದದ ತನಕ ಹೋಯಿತು, ಇನ್ನೊಂದು ಬದಿಯಿಂದ ಮೇಲೆ ಬಂತು. ಒದ್ದೆ ಬಟ್ಟೆಯಲ್ಲಿ ಕೇಸರಿ ಮೆಲ್ಲಗೆ ಹರಡಿ, ಅಂಚು ತಿಳಿಯಾಗಿ, ಒತ್ತಿದ್ದಕ್ಕಿಂತ ದೊಡ್ಡದಾಗಿ ಅರಳಿತು. ಬಾಗಿಲಲ್ಲಿ ನಿಂತವರು ಕತ್ತು ಚಾಚಿದರು.

"ಮಂಜಪ್ಪಾ," ಎಂದು ಸೋದರತ್ತೆ ಮತ್ತೆ ಕರೆದಳು.

"ತಡ ಆತು ಅತ್ತೆ," ಎಂದರು ಹೆಗಡೆಯವರು. ಆಮೇಲೆ ಗಂಡಸರ ಕಡೆ ತಿರುಗಿ, "ಎತ್ತಿ. ಬಟ್ಟೆ ಜಾರದ ಹಾಂಗೆ ಎತ್ತಿ," ಎಂದರು.

ಓಣಿಯ ಎರಡೂ ಬದಿಯ ಬಾಗಿಲುಗಳಲ್ಲಿ ಜನ ನಿಂತಿದ್ದರು. ಬಿಳಿಯಲ್ಲಿ ಹೋಗಬೇಕಾದವಳು ಹೂವು ಹೊದ್ದುಕೊಂಡು ಹೋದಳು.

*

ಹೆಂಗಸರು ಸ್ಮಶಾನಕ್ಕೆ ಹೋಗುವಂತಿರಲಿಲ್ಲ. ದ್ಯಾವಮ್ಮ ಟ್ರಂಕನ್ನು ತಲೆಯ ಮೇಲೆ ಹೊತ್ತು ಪೇಟೆಯ ದಾರಿ ಹಿಡಿದಳು.

ಹಬ್ಬದ ಮುಂಚಿನ ಅಂಗಡಿ ಗಿಜಿಗಿಜಿ ಎನ್ನುತ್ತಿತ್ತು. ಸುದ್ದಿ ತಿಳಿದಿದ್ದ ಚಂದ್ರಶೇಖರಪ್ಪ ಅವಳನ್ನು ಕಂಡೊಡನೆ ಎದ್ದು ನಿಂತ. ಕಣ್ಣು ಕೆಂಪಾಗಿದ್ದವು.

"ಇವತ್ತ ಬರಬ್ಯಾಡಿತ್ತವಾ. ಸೂತಕ ಅಲ್ಲೇನ?"

"ನಂಗೆಲ್ಲಿ ಸೂತಕ? ನಾ ಅವರ ಕುಲ ಅಲ್ಲ, ಗೋತ್ರ ಅಲ್ಲ. ನಂಗೆ ಇವತ್ತು ಬರೀ ಕೆಲಸ."

ಅವನು ದನಿ ತಗ್ಗಿಸಿದ. "ಒಂದ ಮಾತ ಕೇಳ. ಸತ್ತಾರ ಅಂತ ಊರಿಗೆಲ್ಲಾ ಗೊತ್ತಾಗೇತಿ. ಹೂವಿನ ಮಾರಿ ಮುಂದ ಮಾಡಿ ಹಚ್ಚೂಣು. ಹೆಸರ ಹಿಂದ ಇರ್ಲಿ, ಗ್ವಾಡಿ ಕಡೆ. ತಗೊಂಡು ಹೋಗವರು ಹೋಗ್ಲಿ."

ದ್ಯಾವಮ್ಮ ಟ್ರಂಕು ಇಳಿಸಿದಳು. ಅಂಗಡಿಯ ಮುಂದೆ ಕಾರ್ಡು ತೂಗುಹಾಕಲು ಕಟ್ಟಿದ್ದ ದಾರದ ಕೆಳಗೆ ಸ್ಟೂಲು ಎಳೆದುಕೊಂಡು ಹತ್ತಿದಳು. ಬಟ್ಟೆಯ ಕ್ಲಿಪ್ಪು ಬಾಯಲ್ಲಿ ಕಚ್ಚಿ, ಟ್ರಂಕಿನಿಂದ ಒಂದೊಂದೇ ಕಾರ್ಡು ತೆಗೆದು, ಹೂವಿನ ಮುಖ ಗೋಡೆಗೆ ತಿರುಗಿಸಿ, ಹೆಸರಿನ ಬೆನ್ನು ರಸ್ತೆಗೆ ಮಾಡಿ ಸಿಕ್ಕಿಸುತ್ತ ಹೋದಳು. ಒಂದು ದಾರ ತುಂಬಿತು. ಅದರ ಕೆಳಗೆ ಎರಡನೆಯದು ಕಟ್ಟಿದಳು. ಹೋಗಿ ಬರುವವರು ನಿಂತರು. ಇಷ್ಟೊಂದು ಬಿಳಿ ಕಾರ್ಡು ಬೆನ್ನು ತೋರಿಸಿಕೊಂಡು ನಿಂತದ್ದನ್ನು ಅವರು ಕಂಡಿರಲಿಲ್ಲ.

ರೇಷ್ಮೆ ಸೀರೆಯ ಹೆಂಗಸೊಬ್ಬಳು ಹತ್ತಿರ ಬಂದು, ಹೂವು ಎಲ್ಲಿದೆ ಎಂದು ಒಂದನ್ನು ಬೆರಳಿನಿಂದ ತಿರುಗಿಸಲು ನೋಡಿದಳು. ಕಾರ್ಡು ತಿರುಗಲಿಲ್ಲ. ದ್ಯಾವಮ್ಮ ಗಾಳಿಗೂ ತಿರುಗದ ಹಾಗೆ ಪ್ರತಿಯೊಂದನ್ನೂ ಕೆಳಗಿನ ದಾರಕ್ಕೆ ಇನ್ನೊಂದು ಕ್ಲಿಪ್ಪಿನಿಂದ ಬಿಗಿದಿದ್ದಳು. ಹೆಂಗಸು ಕನ್ನಡಕ ಸರಿಮಾಡಿಕೊಂಡು ಬಗ್ಗಿ, ತುಟಿ ಆಡಿಸುತ್ತ ಓದಲು ಹತ್ತಿದಳು.