ಮುಂದಾಳಿನ ಕೂಗು

“ಬಾಯಿ ಮುಚ್ರೋ ಬೋಳಿಮಕ್ಳಾ! ದೊರೆಗಳು ಮಲಗಿದಾರೆ. ಇನ್ನೊಂದ್ಸಲ ಕೂಗಿದ್ರೆ ಚರ್ಮ ಸುಲಿಸ್ತೀನಿ!”

ಬೈದವನು ದುಭಾಷಿ. ಮೇನೆಯ ಪಕ್ಕದಲ್ಲಿ ಬೂಟು ಟಪಟಪ ಅನ್ನಿಸುತ್ತ ನಡೆಯುತ್ತಿದ್ದ. ಬಿಳಿಯರ ಮಾತು ಕಲಿತ ಮೇಲೆ ತನ್ನವರ ಮಾತಿನಲ್ಲಿ ಬೈಗುಳವನ್ನಷ್ಟೇ ಉಳಿಸಿಕೊಂಡಿದ್ದ ಮಹಾಶಯ.

ಮೇನೆ ಹೊರುತ್ತಿದ್ದವರು ನಾಲ್ವರು. ಮುಂದೆ ಮುಂದಾಳು ಮತ್ತು ನಿಂತಲ್ಲೇ ನಿದ್ದೆ ಹೊಡೆಯುವುದರಿಂದ ಗೊರಕೆ ಎಂದೇ ಹೆಸರಾದವನು. ಹಿಂದೆ ಮುಂದಾಳಿನ ತಮ್ಮ, ಮತ್ತು ಮಾವ.

“ಸ್ವಾಮಿ, ಕೂಗ್ದೇ ಇದ್ರೆ ಆಗಲ್ಲ,” ಅಂದ ಮುಂದಾಳು. “ಹಿಂದಿನೋರಿಗೆ ಮೇನೆ ಬಿಟ್ರೆ ಏನೂ ಕಾಣಲ್ಲ. ಕಲ್ಲಿದ್ರೆ ಕಲ್ಲು ಅಂತೀನಿ, ಗುಂಡಿ ಇದ್ರೆ ಗುಂಡಿ ಅಂತೀನಿ. ಅವ್ರು ‘ಕೇಳ್ತು’ ಅಂತಾರೆ. ನಮ್ಮಪ್ಪನ ಕಾಲದಿಂದ ಹೀಗೇ ಹೊತ್ತಿರೋದು.”

“ನಿಮ್ಮಪ್ಪನ ತಲೆ! ಮುಚ್ಕೊಂಡು ಹೊರು.”

ಮುಚ್ಚಿಕೊಂಡರು. ಬೇರೆ ದಾರಿಯೇನಿತ್ತು? ಮನೆಗೊಂದು ಹೆಗಲು ಕೊಡಬೇಕೆಂದು ಸಿಪಾಯಿಗಳೇ ಬಂದು ಎಳೆದು ತಂದಿದ್ದರು. ಈಗ ಆ ಸಿಪಾಯಿಗಳು ಗಡಿಕಲ್ಲು ಹೊರಿಸಿಕೊಂಡು ಮುಂದಾಗಿಯೇ ಬೆಟ್ಟದ ತುದಿಗೆ ಹೋಗಿದ್ದರು. ಆ ಕಲ್ಲು ನೆಡಿಸಲು ಹೊರಟವನೇ ಮೇನೆಯೊಳಗಿದ್ದ. ಅವನ ದೇಶದವರಿಗೆ ಬೆಳಗೆದ್ದರೆ ಚಹಾ ಬೇಕಂತೆ, ಅಲ್ಲಿ ಅದು ಬೆಳೆಯುವುದಿಲ್ಲವಂತೆ. ಅದನ್ನು ಇಲ್ಲಿ ಬೆಳೆಯಲು ಇವರು ಉತ್ತು ಬಿತ್ತುವ ಗುಡ್ಡ ಬಿಟ್ಟು ತೊಲಗಬೇಕಂತೆ. ತಮ್ಮನ್ನು ಒಕ್ಕಲೆಬ್ಬಿಸುವವನನ್ನು ತಾವೇ ಹೊತ್ತು ಒಯ್ಯುತ್ತಿದ್ದೇವಲ್ಲ ಎಂದು ಮುಂದಾಳಿನ ಹೊಟ್ಟೆ ಉರಿಯುತ್ತಿತ್ತು.

ದಾರಿಯಲ್ಲಿ ಕೆಸರಿನ ಗುಂಡಿ ಬಂತು. ಮುಂದಾಳು ದಾಟಿದ. ಬಾಯಿಗೆ ಬಂದ ಕೂಗನ್ನು ನುಂಗಿಕೊಂಡ. ಹಿಂದೆ ಲಟಕ್ಕೆಂದಿತು. ಮೇನೆ ವಾಲಿ ದೊರೆ ಕೆಸರಿಗೆ ಉರುಳಿದ.

“ಅಯ್ಯೋ, ನನ್ ಕಾಲು! ಅಣ್ಣಾ, ನೀ ಕೂಗ್ಲಿಲ್ವಲ್ಲೋ!”

ಆ ಮಾತು ಮುಂದಾಳಿನ ಎದೆಗೆ ನಾಟಿತು. ಬಾಯಿ ಮುಚ್ಚಿಸಿದವನು ದುಭಾಷಿ, ನಿಜ. ಆದರೆ ಮುಚ್ಚಿಕೊಂಡವನು ತಾನೇ ತಾನೆ?

ದೊರೆ ಮೇಲೆದ್ದು, ಬಿದ್ದಿದ್ದ ತಮ್ಮನಿಗೆ ಬೂಟುಗಾಲಲ್ಲಿ ಒದ್ದ. ದುಭಾಷಿಯ ಕಡೆ ತಿರುಗಿ ಏನೋ ಅರಚಿದ.

“ಏನಂತೆ?” ಅಂದ ಮಾವ.

“ಇವನನ್ನ ಇಲ್ಲೇ ಬಿಟ್ಟು ನಡೀಬೇಕಂತೆ. ಇವನ ಜಾಗದಲ್ಲಿ... ನಾನು ಹೊರ್ಬೇಕಂತೆ.”

ದುಭಾಷಿ ಕೈಮುಗಿದು ದೊರೆಯ ಬಳಿ ಏನೋ ಬೇಡಿಕೊಂಡ. ದೊರೆ ಛಡಿ ಬೀಸಿದ. ದುಭಾಷಿಯ ಪೇಟ ಹಾರಿ ಕೆಸರಿಗೆ ಬಿತ್ತು.

“ಬನ್ನಿ ಸ್ವಾಮಿ, ಹಿಂದ್ಗಡೆ ಜಾಗ ಖಾಲಿ ಇದೆ,” ಅಂದ ಗೊರಕೆ.

ಮುಂದಾಳು ನಗಲಿಲ್ಲ. ತಮ್ಮನನ್ನು ತಬ್ಬಿ ಎತ್ತಿ ಮೇನೆಯೊಳಗೆ, ದೊರೆಯ ದಿಂಬಿನ ಮೇಲೆ ಮಲಗಿಸಿದ.

“ಏಯ್, ಏನ್ ಮಾಡ್ತಿದೀಯೋ!” ಅಂದ ದುಭಾಷಿ.

“ಊರಿಗೆ ಹೋಗ್ತೀವಿ. ಹೆಗಲು ಕೊಡು ಅಂತ ನಿನ್ ದೊರೇನೇ ಹೇಳಿದಾನಲ್ಲ. ಕೊಡ್ತೀಯೋ, ಇಲ್ಲಾ ಅವನ ಬೂಟು ಒರೆಸ್ತಾ ಕೂತಿರ್ತೀಯೋ?”

ದುಭಾಷಿ ಕೆಸರಲ್ಲಿದ್ದ ಪೇಟವನ್ನು ನೋಡಿದ. ಎತ್ತಿಕೊಳ್ಳಲಿಲ್ಲ. ಬೂಟು ಕಳಚಿಟ್ಟು ಬಂದು ಹಿಂದಿನ ಬೊಂಬಿಗೆ ಹೆಗಲು ಕೊಟ್ಟ.

ಮೇನೆ ಊರಿನ ಕಡೆ ತಿರುಗಿತು. ಬೆನ್ನ ಹಿಂದೆ ದೊರೆ ಅರಚುತ್ತಲೇ ಇದ್ದ, ಆಮೇಲೆ ಸುಮ್ಮನಾದ. ಮುಂದಾಳು ಕತ್ತು ಹೊರಳಿಸಿ ನೋಡಿದ. ದೊರೆ ಪಿಸ್ತೂಲು ಎತ್ತಿ ಗುರಿ ಹಿಡಿದಿದ್ದ.

ಮುಂದಾಳು ಈ ಸಲ ನುಂಗಿಕೊಳ್ಳಲಿಲ್ಲ. ಗುಡ್ಡಕ್ಕೆಲ್ಲ ಕೇಳುವ ಹಾಗೆ ಕೂಗಿದ.

“ಮುಂದೆ ಗುಂಡಿ! ಹಿಂದೆ ಪಿಸ್ತೂಲು!”

“ಕೇಳ್ತು!” ಅಂದ ಮಾವ.

ದುಭಾಷಿ ಬೊಂಬನ್ನು ಹೆಗಲಿಗೆ ಒತ್ತಿ ಹಿಡಿದ.

“ಕೇಳ್ತು,” ಅಂದ. “ನಡಿಯಣ್ಣ.”