ಕೋಳಿ ರಕ್ತದ ಬೊಟ್ಟು

ತಮಿಳು ಸೀಮೆಯ ನಲ್ಲಂಪಳ್ಳಿಯ ಮಾವಿನ ರಸದ ಫ್ಯಾಕ್ಟರಿಯಲ್ಲಿ ಕ್ವಾಲಿಟಿ ನೋಡಿಕೊಳ್ಳುವವಳು ಮಾಲತಿ. ಬಾಯ್ಲರ್ ನೋಡಿಕೊಳ್ಳುವವನು ಅವಳ ಗಂಡನ ಅಪ್ಪ ರಾಮಪ್ಪ. ಸೀಜನ್ನಿನ ಮೊದಲ ದಿನ ಕಾವಲು ದೇವರು ಮುನಿಯಪ್ಪನಿಗೆ ಕೋಳಿ ಕೊಯ್ದು, ತಿರುಳು ತೆಗೆಯುವ ಮಷೀನಿಗೆ ರಕ್ತದ ಬೊಟ್ಟಿಡದೆ ಆತ ಸ್ವಿಚ್ ಮುಟ್ಟಿದವನಲ್ಲ. ಇಪ್ಪತ್ತೆರಡು ವರ್ಷದಲ್ಲಿ ಒಬ್ಬರ ಬೆರಳೂ ಮಷೀನಿಗೆ ಸಿಕ್ಕಿರಲಿಲ್ಲ. ಹಾಗಾಗಿ ಯಾರೂ ಚಕಾರ ಎತ್ತಿರಲಿಲ್ಲ.

ಈ ವರ್ಷ ರಸ ಹೋಗುವುದು ಗಲ್ಫಿಗೆ. ಹಲಾಲ್ ಸರ್ಟಿಫಿಕೇಟ್ ಇಲ್ಲದ ಡಬ್ಬವನ್ನು ಅಲ್ಲಿನ ಖರೀದಿದಾರರು ಮುಟ್ಟುವುದಿಲ್ಲ. ಈ ಸಲ ಕೋಳಿ ಬೇಡ ಎಂದು ಮಾಲತಿ ಮಾವನಿಗೆ ಹೇಳಬೇಕಿತ್ತು. ಹೇಳಲಿಲ್ಲ. ಮಾವಿನ ಹಣ್ಣಿಗೂ ಹಲಾಲಿಗೂ ಎಲ್ಲಿಯ ನಂಟು ಎಂದುಕೊಂಡು ಸರ್ಟಿಫಿಕೇಟಿನ ಫಾರಂ ಓದದೆಯೇ ಸಹಿ ಹಾಕಿದ ಮಹಾತಾಯಿ ಅವಳು.

ಸರ್ಟಿಫಿಕೇಟ್ ಕೊಡಲು ಸೇಲಂನಿಂದ ಬಂದ ಆಡಿಟರ್ ಮಷೀನಿನ ಬಾಯಿಯ ಹತ್ತಿರ ಒಣಗಿದ ಕಂದು ಬೊಟ್ಟು ಕಂಡು, ಇದೇನು ಎಂದರು.

"ಕುಂಕುಮ ಸಾರ್," ಎಂದಳು ಮಾಲತಿ.

"ಕುಂಕುಮ ಇಲ್ಲ ಸಾರ್, ಕೋಳಿ ರಕ್ತ." ರಾಮಪ್ಪ ಹೆಮ್ಮೆಯಿಂದ ಮುಂದೆ ಬಂದ. "ಅಲಾಲ್ ಇರ್ಬೇಕು ಅಂತ ಫ್ಯಾಕ್ಟರೀಲಿ ಎಲ್ರೂ ಅಂತಿದ್ರಲ್ಲ, ಅದ್ಕೇ ಈ ಸಲ ನಾನು ಕುಯ್ಲಿಲ್ಲ. ಕೋಳಿ ಅಂಗಡಿ ಮುಸ್ಲಿಂ ಬಾಯ್‌ನೇ ಕರ್ಕೊಂಡು ಬಂದು ಕುಯ್ಸಿವ್ನಿ. ಎಲ್ಲಾ ಕರೆಕ್ಟಾ ಐತೆ."

ಆಡಿಟರ್ ನಗಲಿಲ್ಲ, ಗದರಲೂ ಇಲ್ಲ. ಕೋಳಿಯ ಮಾಂಸ ಹಲಾಲ್ ಆಗಬಹುದು, ಆದರೆ ರಕ್ತ ಯಾರು ಕೊಯ್ದರೂ ಅಶುದ್ಧವೇ ಎಂದು ತಮಿಳಿನಲ್ಲಿ ಮೆಲ್ಲಗೆ ತಿಳಿಸಿದರು. ಸೀಜನ್ನಿನಲ್ಲಿ ತುಂಬಿದ ಒಂದು ಡಬ್ಬಕ್ಕೂ ಸರ್ಟಿಫಿಕೇಟ್ ಸಿಗಲಿಲ್ಲ.

ಮಾಲತಿಗೆ ಅಳು ಬರಲಿಲ್ಲ, ಸಿಟ್ಟೂ ಬರಲಿಲ್ಲ. ಕೈಕಾಲು ಬೇರೆ ಯಾರದೋ ಅನ್ನಿಸುತ್ತಿತ್ತು. "ಯಾರ ತಪ್ಪು ಅಂತ ಇಂಗ್ಲಿಷಲ್ಲಿ ಬರ್ದು ಕೊಡಿ. ಒಂದು ಹೆಸರು ಸಾಕು," ಎಂದ ಮ್ಯಾನೇಜರ್ ಕೃಷ್ಣಪ್ರಸಾದ್. ಹೆಸರು ಬಂದವರ ಕೆಲಸ ಹೋಗುತ್ತದೆಂದು ಅವನಿಗೂ ಮಾಲತಿಗೂ ಗೊತ್ತಿತ್ತು. ಯಾರಿಗೂ ತಿಳಿಸದೆ ರಾಮಪ್ಪ ಮಷೀನಿಗೆ ರಕ್ತ ಹಚ್ಚಿದ ಎಂದು ಅವಳು ಟೈಪ್ ಮಾಡಿದಳು. ಬೆರಳು ಎಲ್ಲೂ ತಡವರಿಸಲಿಲ್ಲ.

ಇಂಗ್ಲಿಷ್ ಬಾರದ ರಾಮಪ್ಪ ಕಾಗದವನ್ನು ತೊಡೆಯ ಮೇಲಿಟ್ಟುಕೊಂಡು ತಮಿಳಿನಲ್ಲಿ ನಿಧಾನವಾಗಿ ಸಹಿ ಮಾಡಿದ.

"ಬಾಯ್‌ನ ಕರ್ಸಿದ್ದು ಬರ್ದಿದ್ದೀಯಾ ತಾಯಿ? ನಾನು ಬೇಕೂಂತ ಮಾಡ್ಲಿಲ್ಲ ಅಂತ ಅವ್ರಿಗೆ ಗೊತ್ತಾಗ್ಬೇಕಲ್ಲ."

"ಬರ್ದಿವ್ನಿ ಮಾಮ."

"ನಿನ್ ಕೆಲ್ಸಕ್ಕೇನೂ ಆಗಲ್ಲ ತಾನೆ?"

"ಇಲ್ಲ."

"ಅಷ್ಟ್ ಸಾಕು," ಎಂದು ರಾಮಪ್ಪ ಕಾಗದವನ್ನು ಅವಳ ಕೈಗೆ ಕೊಟ್ಟ.