ಎಡ ಸಾಲು

ತಪ್ಪು ಸಾಲಿಗೆ ಬಿದ್ದರೆ ತಗಲುವ ಖರ್ಚು ಇಷ್ಟು: ಮೂರು ಸಿಗ್ನಲ್, ಒಂದು ಯೂ-ಟರ್ನ್, ಲೋಟದಷ್ಟು ಪೆಟ್ರೋಲ್, ಹನ್ನೊಂದು ನಿಮಿಷ. ಅಣ್ಣನ ರೈಲು ಈಗ ಬಂದಿರುತ್ತದೆ; ಅದು ನಿಲ್ಲುವುದು ಹತ್ತೇ ನಿಮಿಷ.

ಲೆಕ್ಕ ಮುಗಿಯುವಷ್ಟರಲ್ಲಿ ರಸ್ತೆಯ ತುಂಡುಗೆರೆ ಮುಗಿದು, ದಾಟಬಾರದ ಉದ್ದಗೆರೆ ಶುರುವಾಗಿತ್ತು. ಮುಂದೆ ಕೆಂಪು ದೀಪ.

ತಪ್ಪು ಅವನದೇ. ಬಲಕ್ಕೆ ತಿರುಗುವವರು ಮೊದಲೇ ಕನ್ನಡಿ ನೋಡಿ, ಇಂಡಿಕೇಟರ್ ಹಾಕಿ, ಬಲ ಸಾಲಿಗೆ ಸೇರಿರಬೇಕು ಎಂದು ಇಪ್ಪತ್ತೆರಡು ವರ್ಷದಿಂದ ಡ್ರೈವಿಂಗ್ ಕಲಿಸುತ್ತ ಬಂದವನು ಇವತ್ತು ಪಕ್ಕದಲ್ಲಿ ಕಾರು ಓಡಿಸುತ್ತಿದ್ದ ಶಿಷ್ಯೆಗೆ ಹೇಳಲು ಮರೆತಿದ್ದ. ಅಣ್ಣನ ಜೊತೆ ಮೊದಲ ಮಾತು ಯಾವುದಿರಬೇಕೆಂದು ಹುಡುಕುತ್ತಿದ್ದ. 'ಚೆನ್ನಾಗಿದ್ದೀಯಾ' ಎಂಬುದರ ಆಚೆಗೆ ಏನೂ ಹೊಳೆದಿರಲಿಲ್ಲ.

ಒಂಬತ್ತು ವರ್ಷದ ಹಿಂದೆ ಕಾರು ಓಡಿಸುತ್ತಿದ್ದ ಅಣ್ಣ ಇಂಥದೇ ಗೆರೆ ದಾಟಿದ್ದ. ಇವನು ಅತ್ತಿಗೆಯ ಎದುರೇ ನಿಯಮವನ್ನು ಪೂರ್ತಿ ಒಪ್ಪಿಸಿ, ಮುಂದಿನ ಸಿಗ್ನಲ್ಲಿನಲ್ಲಿ ಇಳಿದು, ಬಾಗಿಲು ಬಡಿದು ಹೊರಟುಹೋಗಿದ್ದ. ಅಂದಿನಿಂದ ಮಾತಿಲ್ಲ. ನಿನ್ನೆ ಅಣ್ಣನೇ ಫೋನ್ ಮಾಡಿದ್ದ: "ನಾಳೆ ನಿಮ್ಮೂರ ಮೇಲೆ ಹೋಗ್ತಿದ್ದೀನಿ ಕಣೋ. ಬರೋದಾದ್ರೆ ಸ್ಟೇಷನ್ನಿಗೆ ಬಾ. ಇನ್ನೊಂದ್ಸಲ ಕರೆಯಲ್ಲ."

ಇವತ್ತಿನ ಪಾಠ ಬಲ ತಿರುವು. ಎರಡನ್ನೂ ಒಂದೇ ದಾರಿಯಲ್ಲಿ ಮುಗಿಸಬಹುದೆಂದು ಅವನು ಕಾರನ್ನು ಸ್ಟೇಷನ್ ಕಡೆಗೆ ಹೊರಡಿಸಿದ್ದ.

"ಮೇಷ್ಟ್ರೇ, ಸ್ಟೇಷನ್ ಬಲಕ್ಕಲ್ವಾ?" ಸ್ಟೀರಿಂಗ್ ಹಿಡಿದಿದ್ದ ಟೈಲರಮ್ಮ ಕೇಳಿದರು. ಐವತ್ತು ದಾಟಿದ ಮೇಲೆ ಕಾರು ಕಲಿಯಲು ಬಂದವರು.

"ಹೌದು."

"ಹಿಂದೆ ಒಂದು ನರಪಿಳ್ಳೆಯೂ ಇಲ್ಲ. ಆ ಕಡೆ ಹೋಗ್ಲಾ?"

"ಗೆರೆ ಇದೆ."

"ನಿಮ್ಮಣ್ಣ ಕಾಯ್ತಿರ್ತಾರೆ ಅಂದ್ರಿ?"

ಅವನು ಕನ್ನಡಿಯನ್ನು ಒರೆಸಿದ. ಅದು ಚೊಕ್ಕಟವಾಗಿಯೇ ಇತ್ತು. "ಎಡ ಸಾಲಲ್ಲಿದ್ದೀವಿ. ಎಡಕ್ಕೇ ತಿರುಗಿ."

"ನಾನೂ ಗೆರೆ ಬಿಟ್ಟು ಕತ್ತರಿ ಹಾಕೋಳಲ್ಲಪ್ಪ," ಎಂದರು ಟೈಲರಮ್ಮ. "ಆದ್ರೆ ಮೈ ಅಳತೆ ನೋಡ್ಕೊಂಡು ಗೆರೆ ಎಳೀತೀನಿ."

ಹಸಿರು ಬಿತ್ತು. ಆಕೆ ಎಡಕ್ಕೆ ತಿರುಗಿಸಿದರು. ಕಾರು ಗೆರೆಗಂಟಿಕೊಂಡಂತೆ ನಯವಾಗಿ ತಿರುಗಿತು.

ಆಮೇಲೆ ಅವನಿಗೆ ಎಲ್ಲವೂ ಹಿತವೆನಿಸಿತು. ಬಿಸಿಲು ಹದವಾಗಿತ್ತು. ಗೇರ್ ಬದಲಾದದ್ದು ತಿಳಿಯಲೇ ಇಲ್ಲ. ಮೊದಲ ಮಾತು ಹುಡುಕುವ ಕೆಲಸವೂ ತಪ್ಪಿತ್ತು. ಒಂದು ಸಿಗ್ನಲ್ಲಿನಲ್ಲಿ ಸಣ್ಣಗೆ ಸಿಳ್ಳೆ ಹಾಕಿಕೊಂಡ. ಟೈಲರಮ್ಮ ತಿರುಗಿ ನೋಡಿದರು.

"ರಸ್ತೆ ನೋಡಿ," ಎಂದ.

ಸ್ಟೇಷನ್ ಮುಂದೆ ಕಾರು ನಿಂತಾಗ ಬೇಲಿಯಾಚೆ ರೈಲು ಕದಲುತ್ತಿತ್ತು.

"ಇಳೀರಿ ಮೇಷ್ಟ್ರೇ, ಓಡಿ!"

"ಮೊದಲು ಹ್ಯಾಂಡ್‌ಬ್ರೇಕ್ ಹಾಕಿ."

ಆಕೆ ಹಾಕಿದರು. ಒಂದೊಂದೇ ಕಿಟಕಿ ದಾಟಿಹೋಯಿತು. ಒಂದರಲ್ಲಿ ಒಂದು ಕೈ ಆಡಿದಂತಿತ್ತು. ಯಾರದೋ, ಯಾರಿಗೋ. ರೈಲು ತನ್ನ ಎರಡು ಕಂಬಿಗಳನ್ನು ಕೂದಲೆಳೆಯಷ್ಟೂ ಬಿಡದೆ ನೆಟ್ಟಗೆ ಹೊರಟುಹೋಯಿತು.

ಕಲಿಸುವವರ ಬದಿಗೆಂದು ಇಟ್ಟಿದ್ದ ಇನ್ನೊಂದು ಬ್ರೇಕಿನ ಮೇಲೆ ಅವನ ಪಾದವಿತ್ತು. ನಿಂತ ಕಾರಿನಲ್ಲಿ ಅವನು ಅದನ್ನು ಬಲವಾಗಿ ಅದುಮಿಕೊಂಡೇ ಇದ್ದ.

ಟೈಲರಮ್ಮ ಇವತ್ತು ಒಂದೂ ತಪ್ಪು ಮಾಡಲಿಲ್ಲ. ಅಣ್ಣ ಹೋದ.